ಟರಂಟುಲಾ ಮರಿಗಳ ಬೆಳವಣಿಗೆ ಮತ್ತು ಪೊರೆ ಕಳಚುವಿಕೆ

ಟರಂಟುಲಾ ಮರಿಗಳ ಬೆಳವಣಿಗೆಯು ತತ್ತಿಯೊಡೆದ ದಿನದಿಂದ ಪ್ರಾಯಕ್ಕೆ ಬರುವವರೆಗೆ ಹಂತಹಂತವಾಗಿ ನಡೆಯುತ್ತದೆ. ಪ್ರತಿ ಹಂತದ ಕೊನೆಯಲ್ಲಿ ಜೇಡವು ತನ್ನ ಹಳೆಯ ಹೊರಕವಚವನ್ನು ಇಡಿಯಾಗಿ ಕಳಚಿ, ಅದರ ಒಳಗೆ ಸಿದ್ಧವಾಗಿರುವ ಹೊಸ ಕವಚದೊಂದಿಗೆ ಹೊರಬರುತ್ತದೆ. ಈ ಕ್ರಿಯೆಗೆ ಪೊರೆ ಕಳಚುವಿಕೆ ಅಥವಾ ನಿರ್ಮೋಚನ ಎಂದು ಹೆಸರು. ಟರಂಟುಲಾಗಳು ಥೆರಫೋಸಿಡೇ ಕುಟುಂಬಕ್ಕೆ ಸೇರಿದ, ಮೈತುಂಬ ರೋಮವುಳ್ಳ ದೊಡ್ಡ ಜೇಡಗಳು. ಪ್ರಪಂಚದ ಉಷ್ಣ ಹಾಗೂ ಸಮಶೀತೋಷ್ಣ ಪ್ರದೇಶಗಳಲ್ಲಿ ಇವುಗಳ ಒಂದು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ.

ಟರಂಟುಲಾದ ಜೀವನದಲ್ಲಿ ಪೊರೆ ಕಳಚುವ ಸಮಯವೇ ಅತ್ಯಂತ ಅಪಾಯದ ಸಮಯ. ಆಗ ಅದು ಓಡಲಾರದು, ಕಚ್ಚಲಾರದು, ತನ್ನನ್ನು ತಾನು ಕಾಪಾಡಿಕೊಳ್ಳಲಾರದು. ಸಾಕಿದ ಮರಿಗಳು ಈ ಅವಧಿಯಲ್ಲಿ ಸಾಯುವುದಕ್ಕೆ ನೀರಿನ ಕೊರತೆ, ಪಾತ್ರೆಯಲ್ಲಿ ಉಳಿದ ಜೀವಂತ ಕೀಟ ಮತ್ತು ಸಹಾಯ ಮಾಡಲು ಹೋದ ಮನುಷ್ಯನ ಕೈ ಮುಖ್ಯ ಕಾರಣಗಳು. ಮಗ್ಗುಲಾಗಿ ಅಥವಾ ಅಂಗಾತ ಮಲಗಿದ ಜೇಡವನ್ನು ಸತ್ತಿತೆಂದು ಭಾವಿಸಿ ಎಸೆದುಬಿಡುವುದೂ ಉಂಟು. ಆದುದರಿಂದ ಈ ಕ್ರಿಯೆಯ ಕ್ರಮವನ್ನು ತಿಳಿದಿರುವುದು ಮರಿಗಳ ಪಾಲನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು.

ಹೆಸರಿನ ಹಿನ್ನೆಲೆ

ಟರಂಟುಲಾ ಎಂಬ ಹೆಸರು ದಕ್ಷಿಣ ಇಟಲಿಯ ಟರಾಂಟೊ ಪಟ್ಟಣದಿಂದ ಬಂದಿದೆ. ಮೊದಲು ಆ ಹೆಸರು ಅಲ್ಲಿನ ಒಂದು ತೋಳಜೇಡಕ್ಕೆ ಸಲ್ಲುತ್ತಿತ್ತು. ಅದಕ್ಕೂ ಇಂದು ಟರಂಟುಲಾ ಎಂದು ಕರೆಯಲಾಗುವ ಜೇಡಗಳಿಗೂ ಹತ್ತಿರದ ಸಂಬಂಧವಿಲ್ಲ. ಯೂರೋಪಿನವರು ಅಮೆರಿಕ ಖಂಡಗಳನ್ನು ಸೇರಿ ಅಲ್ಲಿನ ದೊಡ್ಡ ರೋಮಶ ಜೇಡಗಳನ್ನು ಕಂಡಾಗ ತಮಗೆ ಪರಿಚಿತವಾದ ಹೆಸರನ್ನೇ ಅವುಗಳಿಗೂ ಇಟ್ಟರು. ಚಿತ್ರಕಾರ್ತಿಯೂ ನಿಸರ್ಗವಿಜ್ಞಾನಿಯೂ ಆಗಿದ್ದ ಮಾರಿಯಾ ಸಿಬಿಲ್ಲಾ ಮೆರಿಯನ್ 1705ರಲ್ಲಿ ಪ್ರಕಟಿಸಿದ ಸುರಿನಾಮ್ ದೇಶದ ಕೀಟಗಳ ಕುರಿತ ಗ್ರಂಥದಲ್ಲಿ, ಇಂತಹ ಜೇಡವೊಂದು ಪುಟ್ಟ ಹಕ್ಕಿಯನ್ನು ತಿನ್ನುತ್ತಿರುವ ಚಿತ್ರವಿದೆ. ‘ಹಕ್ಕಿ ತಿನ್ನುವ ಜೇಡ’ ಎಂಬ ಮಾತು ಪ್ರಚಾರಕ್ಕೆ ಬರಲು ಈ ಚಿತ್ರವೂ ಕಾರಣವಾಯಿತು. ವಾಸ್ತವದಲ್ಲಿ ಇವುಗಳ ಮುಖ್ಯ ಆಹಾರ ಕೀಟಗಳು.

ಕನ್ನಡದಲ್ಲಿ ‘ಪೊರೆ ಬಿಡುವುದು’ ಎಂಬ ಮಾತು ಹಾವಿನ ವಿಷಯದಲ್ಲಿ ಬಳಕೆಯಲ್ಲಿದೆ. ಹಾವು ಬಿಡುವುದು ಚರ್ಮದ ಹೊರಪದರವನ್ನು ಮಾತ್ರ. ಅದರ ದೇಹಕ್ಕೆ ಆಧಾರವಾದ ಎಲುಬುಗಳು ಒಳಗೇ ಇರುತ್ತವೆ. ಜೇಡಕ್ಕೆ ಎಲುಬಿಲ್ಲ, ಹೊರಕವಚವೇ ಅದರ ಅಸ್ಥಿಪಂಜರ. ಹೀಗಾಗಿ ಜೇಡವು ಪೊರೆ ಕಳಚಿದಾಗ ತನ್ನ ಅಸ್ಥಿಪಂಜರವನ್ನೇ ಬಿಟ್ಟು ಹೊರಬರುತ್ತದೆ ಎನ್ನಬಹುದು.

ಪೊರೆ ಕಳಚುವ ಅಗತ್ಯ

ಜೇಡದ ಹೊರಕವಚವು ಕೈಟಿನ್ ಮತ್ತು ಪ್ರೋಟೀನುಗಳಿಂದ ಆಗಿದೆ. ತಲೆ ಮತ್ತು ಎದೆ ಒಂದಾಗಿ ಸೇರಿರುವ ಶಿರೋವಕ್ಷ, ಕಾಲುಗಳು ಹಾಗೂ ವಿಷದ ಕೋರೆಗಳ ಮೇಲೆ ಈ ಕವಚ ಗಟ್ಟಿಯಾಗಿದ್ದು, ಒಮ್ಮೆ ಬಿರುಸಾದ ಮೇಲೆ ಹಿಗ್ಗುವುದಿಲ್ಲ. ಉದರದ ಚರ್ಮ ಮಾತ್ರ ಮೆದುವಾಗಿದ್ದು ಚೀಲದಂತೆ ಹಿಗ್ಗಬಲ್ಲದು. ಈ ಕಾರಣದಿಂದ ಚೆನ್ನಾಗಿ ತಿಂದ ಮರಿಯ ಉದರ ದಪ್ಪವಾಗುತ್ತದೆಯೇ ಹೊರತು ಅದರ ಕಾಲುಗಳು ಉದ್ದವಾಗುವುದಿಲ್ಲ. ವಾರಗಟ್ಟಲೆ ಅದು ಇದ್ದಷ್ಟೇ ಇರುವಂತೆ ಕಂಡು, ಒಂದು ದಿನ ಪೊರೆ ಕಳಚಿ ಹೊರಬಂದಾಗ ಏಕಾಏಕಿ ದೊಡ್ಡದಾಗಿ ಕಾಣುತ್ತದೆ. ನಿಜವಾದ ಬೆಳವಣಿಗೆ ಒಳಗೆ ನಿರಂತರವಾಗಿ ನಡೆದಿರುತ್ತದೆ. ಹೊರಗೆ ಕಾಣಿಸುವುದು ಪೊರೆ ಕಳಚಿದಾಗ ಮಾತ್ರ.

ಎರಡು ಪೊರೆಗಳ ನಡುವಿನ ಅವಧಿಯ ಕೊನೆಯ ಭಾಗದಲ್ಲಿ ಎಕ್ಡೈಸೋನ್ ಗುಂಪಿನ ಹಾರ್ಮೋನುಗಳ ಪ್ರಭಾವದಿಂದ ಹಳೆಯ ಕವಚವು ಒಳಚರ್ಮದಿಂದ ಬೇರ್ಪಡುತ್ತದೆ. ಈ ಎರಡರ ನಡುವೆ ಹೊಸ ಕವಚವು ಸುಕ್ಕುಸುಕ್ಕಾಗಿ, ಮಡಿಸಿಟ್ಟ ಬಟ್ಟೆಯಂತೆ ರೂಪುಗೊಳ್ಳುತ್ತದೆ. ಆಗ ಸ್ರವಿಸುವ ದ್ರವದಲ್ಲಿರುವ ಕಿಣ್ವಗಳು ಹಳೆಯ ಕವಚದ ಒಳಪದರವನ್ನು ಕರಗಿಸುತ್ತವೆ. ಕರಗಿದ ಅಂಶವನ್ನು ದೇಹವು ಮರಳಿ ಹೀರಿಕೊಳ್ಳುತ್ತದೆ. ಈ ದ್ರವವೇ ಎರಡೂ ಕವಚಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಜಾರಿಕೆಯನ್ನು ಒದಗಿಸುತ್ತದೆ. ದೇಹದಲ್ಲಿ ನೀರು ಕಡಿಮೆಯಾದರೆ ಪೊರೆ ಸರಿಯಾಗಿ ಕಳಚಿಕೊಳ್ಳದಿರಲು ಇದೊಂದು ಕಾರಣ.

ತತ್ತಿಯಿಂದ ಮರಿಯವರೆಗೆ

ಹೆಣ್ಣು ಟರಂಟುಲಾ ತಾನು ನೇಯ್ದ ರೇಷ್ಮೆಯ ಹಾಸಿನ ಮೇಲೆ ತತ್ತಿಗಳನ್ನಿಟ್ಟು, ಅಂಚುಗಳನ್ನು ಮಡಿಸಿ ಚೀಲದಂತೆ ಮಾಡುತ್ತದೆ. ತತ್ತಿಗಳ ಸಂಖ್ಯೆ ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗಿರುತ್ತದೆ. ಮೆಕ್ಸಿಕೋದ ಬ್ರಾಕಿಪೆಲ್ಮಾ ಕುಲದ ಜೇಡಗಳು ಒಂದು ಚೀಲದಲ್ಲಿ ನೂರಾರು ತತ್ತಿಗಳನ್ನಿಡುತ್ತವೆ. ಭಾರತ ಮತ್ತು ಶ್ರೀಲಂಕಾದ ಪೀಸಿಲೋಥೀರಿಯಾ ಕುಲದ ಮರವಾಸಿ ಜೇಡಗಳಲ್ಲಿ ಸಂಖ್ಯೆ ಇದಕ್ಕಿಂತ ಕಡಿಮೆ. ತಾಯಿಯು ಚೀಲವನ್ನು ಕಾಯುತ್ತಾ, ಆಗಾಗ ಅದನ್ನು ತಿರುಗಿಸುತ್ತಾ ಇರುತ್ತದೆ.

ತತ್ತಿಯೊಡೆದು ಬಂದ ಮರಿ ಮೊದಲಿಗೆ ಬಿಳಿಯಾಗಿ, ಕಾಲು ಮೂಡಿದ ತತ್ತಿಯಂತೆಯೇ ಕಾಣುತ್ತದೆ. ಅದಕ್ಕೆ ಚುರುಕಾದ ನಡಿಗೆಯಿಲ್ಲ. ಆಹಾರ ತಿನ್ನುವ ಶಕ್ತಿಯೂ ಇಲ್ಲ. ಉದರದಲ್ಲಿ ಉಳಿದಿರುವ ಭಂಡಾರವೇ ಅದರ ಆಹಾರ. ಚೀಲದೊಳಗೇ ಪೊರೆ ಕಳಚಿದ ಬಳಿಕ ಕಾಲುಗಳು ಸ್ಪಷ್ಟವಾಗಿ, ಮೈಮೇಲೆ ರೋಮ ಮೂಡಿ, ಬಣ್ಣ ಗಾಢವಾಗುತ್ತದೆ. ಮತ್ತೊಮ್ಮೆ ಪೊರೆ ಕಳಚಿದ ಮೇಲೆ ಅದು ಜೇಡದ ಪೂರ್ಣ ಆಕಾರವನ್ನು ಪಡೆದು, ಬೇಟೆಯಾಡಲು ಸಮರ್ಥವಾಗುತ್ತದೆ. ಸಾಮಾನ್ಯವಾಗಿ ಈ ಹಂತದಲ್ಲಿ ಮರಿಗಳು ಚೀಲದಿಂದ ಹೊರಬಂದು ಚದುರುತ್ತವೆ. ಬಹುತೇಕ ಟರಂಟುಲಾ ಮರಿಗಳು ನಡೆದೇ ದೂರ ಹೋಗುತ್ತವೆ. ಬೇರೆ ಅನೇಕ ಜೇಡಮರಿಗಳಂತೆ ನೂಲು ಬಿಟ್ಟು ಗಾಳಿಯಲ್ಲಿ ತೇಲುವುದು ಇವುಗಳಲ್ಲಿ ಅಪರೂಪ.

ಚದುರುವ ವೇಳೆಗೆ ಬ್ರಾಕಿಪೆಲ್ಮಾ ಮರಿಯ ದೇಹದ ಉದ್ದ ಕೆಲವೇ ಮಿಲಿಮೀಟರುಗಳಷ್ಟು. ದಕ್ಷಿಣ ಅಮೆರಿಕದ ಥೆರಫೋಸಾ ಬ್ಲಾಂಡಿ ಪ್ರಭೇದದಲ್ಲಿ ಮರಿಯೇ ಸಾಕಷ್ಟು ದೊಡ್ಡದು. ಪ್ರಾಯಕ್ಕೆ ಬಂದಾಗ ಅದರ ಕಾಲುಗಳ ಹರವು ಸುಮಾರು 28 ಸೆಂ.ಮೀ. ತಲುಪಬಲ್ಲದು.

ಪೊರೆ ಕಳಚುವ ಹಂತಗಳು

ಮುನ್ಸೂಚನೆಗಳು

ಪೊರೆ ಕಳಚುವ ಕಾಲ ಹತ್ತಿರವಾದಂತೆ ಮರಿಯು ಆಹಾರವನ್ನು ನಿರಾಕರಿಸುತ್ತದೆ. ಎಳೆಯ ಮರಿಗಳಲ್ಲಿ ಈ ಉಪವಾಸ ಕೆಲವು ದಿನಗಳಷ್ಟಿರಬಹುದು. ದೊಡ್ಡ ಜೇಡಗಳಲ್ಲಿ ವಾರಗಳಿಂದ ತಿಂಗಳುಗಳವರೆಗೂ ನಡೆಯಬಹುದು. ಉದರ ಉಬ್ಬಿ, ಅದರ ಚರ್ಮ ಬಿಗಿಯಾಗಿ ಹೊಳೆಯುತ್ತದೆ. ಮೈಬಣ್ಣ ಮಾಸುತ್ತದೆ, ಚಲನೆ ನಿಧಾನವಾಗುತ್ತದೆ. ಅಮೆರಿಕ ಖಂಡಗಳ ಅನೇಕ ಪ್ರಭೇದಗಳಲ್ಲಿ ಉದರದ ಮೇಲೆ ರೋಮ ಉದುರಿ ಬೋಳಾದ ಜಾಗವಿದ್ದರೆ, ಅದು ತಿಳಿ ಬಣ್ಣದಿಂದ ಕಪ್ಪಿಗೆ ತಿರುಗುತ್ತದೆ. ಒಳಗೆ ಬೆಳೆಯುತ್ತಿರುವ ಹೊಸ ರೋಮಗಳು ಹಳೆಯ ಚರ್ಮದ ಮೂಲಕ ಕಾಣುವುದೇ ಇದಕ್ಕೆ ಕಾರಣ. ಬಿಲವಾಸಿ ಮರಿಗಳು ಬಿಲದ ಬಾಯಿಯನ್ನು ಮಣ್ಣು ಮತ್ತು ನೂಲಿನಿಂದ ಮುಚ್ಚಿಕೊಳ್ಳುತ್ತವೆ. ಮರವಾಸಿ ಮರಿಗಳು ನೂಲಿನ ಕೊಳವೆಯೊಳಗೆ ಸೇರಿಕೊಳ್ಳುತ್ತವೆ. ಹಲವು ವಾರ ಮರಿ ಕಣ್ಣಿಗೆ ಬೀಳದಿದ್ದರೂ ಅದು ಸಹಜ. ಬಿಲವನ್ನು ಅಗೆದು ನೋಡುವುದು ಹಾನಿಕರ.

ಕಳಚುವ ಕ್ರಿಯೆ

ಸಮಯ ಬಂದಾಗ ಜೇಡವು ನೂಲಿನ ತೆಳುವಾದ ಹಾಸಿಗೆಯನ್ನು ನೇಯ್ದು, ಅದರ ಮೇಲೆ ನಿಧಾನವಾಗಿ ಅಂಗಾತ ಮಲಗುತ್ತದೆ. ಕೆಲವು ಪ್ರಭೇದಗಳು ಈ ಹಾಸಿಗೆಯಲ್ಲಿ ತಮ್ಮ ಉದರದ ತುರಿಕೆರೋಮಗಳನ್ನು ಸೇರಿಸಿ ನೇಯುತ್ತವೆ. ಇರುವೆ ಮುಂತಾದ ಶತ್ರುಗಳಿಂದ ಇದು ರಕ್ಷಣೆ ನೀಡುತ್ತದೆ. ಮರಿಗಳು ಒಮ್ಮೊಮ್ಮೆ ಮಗ್ಗುಲಾಗಿ ಮಲಗಿಯೂ ಪೊರೆ ಕಳಚುತ್ತವೆ.

ಅನಂತರ ಹೃದಯದ ಬಡಿತ ಹೆಚ್ಚಿ, ಉದರದಲ್ಲಿದ್ದ ರಕ್ತರಸವು ಶಿರೋವಕ್ಷದ ಕಡೆಗೆ ಒತ್ತಲ್ಪಡುತ್ತದೆ. ಆ ಒತ್ತಡಕ್ಕೆ ಬೆನ್ನುಚಿಪ್ಪು ಮುಂಭಾಗ ಮತ್ತು ಇಕ್ಕೆಲಗಳಲ್ಲಿ ಸೀಳಿ, ಡಬ್ಬಿಯ ಮುಚ್ಚಳದಂತೆ ತೆರೆದುಕೊಳ್ಳುತ್ತದೆ. ಬಿರುಕು ಉದರದ ಪಕ್ಕಗಳಿಗೂ ಹಬ್ಬಿ, ಅಲ್ಲಿನ ಹಳೆಯ ಚರ್ಮ ಸುಕ್ಕಾಗಿ ಹಿಂದಕ್ಕೆ ಸರಿಯುತ್ತದೆ. ಕೊನೆಯದು ಕಾಲುಗಳ ಸರದಿ. ಕೈಗವಸಿನಿಂದ ಬೆರಳುಗಳನ್ನು ಎಳೆದುಕೊಂಡಂತೆ ಎಂಟು ಕಾಲುಗಳನ್ನೂ, ಬಾಯಿಯ ಬಳಿಯ ಎರಡು ಸ್ಪರ್ಶಾಂಗಗಳನ್ನೂ, ಕೋರೆಗಳನ್ನೂ ಹಳೆಯ ಕವಚದಿಂದ ಅದು ಸ್ವಲ್ಪಸ್ವಲ್ಪವಾಗಿ ಬಿಡಿಸಿಕೊಳ್ಳುತ್ತದೆ. ಎಳೆದು ವಿಶ್ರಮಿಸಿ, ಮತ್ತೆ ಎಳೆಯುವುದು ಈ ಕೆಲಸದ ಲಯ. ಪುಟ್ಟ ಮರಿಗೆ ಇದೆಲ್ಲ ಮುಗಿಯಲು ಅರ್ಧ ಗಂಟೆಯೊಳಗಿನ ಸಮಯ ಸಾಕಾದೀತು. ದೊಡ್ಡ ಜೇಡಕ್ಕೆ ಹಲವು ಗಂಟೆಗಳು ಬೇಕಾಗುತ್ತವೆ.

ಹೊರಗೆ ಕಾಣುವ ಕವಚವಷ್ಟೇ ಅಲ್ಲದೆ ಬಾಯಿ, ಅನ್ನನಾಳ, ಹೀರುವ ಜಠರ ಮತ್ತು ಪುಸ್ತಕದ ಹಾಳೆಗಳಂತೆ ಪದರಪದರವಾಗಿರುವ ಶ್ವಾಸಕೋಶಗಳ ಒಳಪೊರೆಯೂ ಇದೇ ಸಂದರ್ಭದಲ್ಲಿ ಕಳಚಿ ಬರುತ್ತದೆ. ಬಿಟ್ಟ ಪೊರೆಯನ್ನು ಗಮನಿಸಿದರೆ ಉದರದ ಭಾಗದಲ್ಲಿ ನಾಲ್ಕು ಬಿಳಿಯ ತೇಪೆಗಳು ಕಾಣುತ್ತವೆ. ಅವು ಎರಡು ಜೊತೆ ಶ್ವಾಸಕೋಶಗಳ ಒಳಪೊರೆಗಳು.

ಕಳಚಿದ ನಂತರ

ಹೊಸ ಕವಚ ಮೊದಲಿಗೆ ಮೃದುವಾಗಿ, ಬಣ್ಣಗಳು ಉಜ್ಜ್ವಲವಾಗಿರುತ್ತವೆ. ಕೋರೆಗಳು ಬಿಳಿಯಾಗಿದ್ದು, ಕ್ರಮೇಣ ಕೆಂಪಾಗಿ ಕೊನೆಗೆ ಕಪ್ಪಾಗುತ್ತವೆ. ಅವು ಕಪ್ಪಾಗುವವರೆಗೆ ಜೇಡಕ್ಕೆ ಬೇಟೆಯನ್ನು ಕಚ್ಚುವ ಬಲವಿರುವುದಿಲ್ಲ. ಈ ಸಮಯದಲ್ಲಿ ಅದು ಕಾಲುಗಳನ್ನು ಆಗಾಗ ಚಾಚಿ ಮಡಿಸುತ್ತಿರುತ್ತದೆ. ಕವಚ ಬಿರುಸಾಗುವ ಮುನ್ನ ಕೀಲುಗಳು ಸಡಿಲವಾಗಿರಲು ಇದು ನೆರವಾಗುತ್ತದೆ. ತೀರ ಎಳೆಯ ಮರಿಗಳ ಕವಚ ಕೆಲವು ದಿನಗಳಲ್ಲಿ ಗಟ್ಟಿಯಾಗುತ್ತದೆ; ಮಧ್ಯಮ ಗಾತ್ರದವಕ್ಕೆ ಒಂದೆರಡು ವಾರ, ದೊಡ್ಡವಕ್ಕೆ ಅದಕ್ಕಿಂತ ಹೆಚ್ಚು ಕಾಲ ಬೇಕು.

ಬೆಳವಣಿಗೆಯ ವೇಗ

ಎಳೆಯ ಮರಿಗಳು ಬೇಗಬೇಗನೆ ಪೊರೆ ಕಳಚುತ್ತವೆ. ವಯಸ್ಸಾದಂತೆ ಎರಡು ಪೊರೆಗಳ ನಡುವಿನ ಅಂತರ ಹೆಚ್ಚುತ್ತದೆ. ಮೊದಲ ವರ್ಷದಲ್ಲಿ ಹಲವು ಬಾರಿ ಕಳಚುವ ಜೇಡವು ಪ್ರಾಯಕ್ಕೆ ಬಂದ ಬಳಿಕ ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತ ಅಪರೂಪವಾಗಿ ಕಳಚುತ್ತದೆ. ಆಹಾರದ ಪ್ರಮಾಣ, ಉಷ್ಣತೆ ಮತ್ತು ಪ್ರಭೇದದ ಸ್ವಭಾವ ಇವು ಮೂರೂ ಈ ವೇಗವನ್ನು ನಿರ್ಧರಿಸುತ್ತವೆ.

ಪೀಸಿಲೋಥೀರಿಯಾ ಜೇಡಗಳು ಬೇಗ ಬೆಳೆಯುವಂಥವು. ಅವುಗಳ ಗಂಡುಗಳು ಸುಮಾರು ಒಂದೆರಡು ವರ್ಷಗಳಲ್ಲಿ ಪ್ರಾಯಕ್ಕೆ ಬರಬಲ್ಲವು. ಕೆಂಪು ಮಂಡಿಯ ಟರಂಟುಲಾ ಎಂದು ಪ್ರಸಿದ್ಧವಾದ ಮೆಕ್ಸಿಕೋದ ಬ್ರಾಕಿಪೆಲ್ಮಾ ಹಮೋರಿ ನಿಧಾನವಾಗಿ ಬೆಳೆಯುತ್ತದೆ. ಅದು ಪ್ರಾಯಕ್ಕೆ ಬರಲು ಹಲವು ವರ್ಷಗಳೇ ಬೇಕು. ಅಮೆರಿಕ ಸಂಯುಕ್ತ ಸಂಸ್ಥಾನದ ಅರ್ಕನ್ಸಾ ರಾಜ್ಯದಲ್ಲಿ ಟರಂಟುಲಾಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ವಿಲಿಯಂ ಜೆ. ಬೇರ್ಗ್ ಅವರು, ಅಲ್ಲಿನ ಜೇಡಗಳು ಪ್ರಾಯಕ್ಕೆ ಬರಲು ಸುಮಾರು ಹತ್ತು ವರ್ಷ ತೆಗೆದುಕೊಳ್ಳುವುದನ್ನು ದಾಖಲಿಸಿದ್ದಾರೆ. ಅವರ ಟರಂಟುಲಾ ಕುರಿತ ಪುಸ್ತಕ 1958ರಲ್ಲಿ ಪ್ರಕಟವಾಯಿತು.

ಗಂಡು ಮತ್ತು ಹೆಣ್ಣಿನ ವ್ಯತ್ಯಾಸ

ಎಳೆಯ ಮರಿಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ಇದನ್ನು ತಿಳಿಯಲು ಬಿಟ್ಟ ಪೊರೆಯೇ ಉತ್ತಮ ಸಾಧನ. ಪೊರೆಯ ಉದರಭಾಗವನ್ನು ನೀರಿನಲ್ಲಿ ನೆನೆಸಿ ಮೆದುವಾಗಿಸಿ ಬಿಡಿಸಿದಾಗ, ಮುಂದಿನ ಜೊತೆ ಶ್ವಾಸಕೋಶಗಳ ನಡುವೆ ವೀರ್ಯವನ್ನು ಸಂಗ್ರಹಿಸುವ ಪುಟ್ಟ ಚೀಲದ ಒಳಪೊರೆ ಕಂಡುಬಂದರೆ ಅದು ಹೆಣ್ಣು. ಸಣ್ಣ ಮರಿಗಳ ಪೊರೆಯನ್ನು ಪರೀಕ್ಷಿಸಲು ಸೂಕ್ಷ್ಮದರ್ಶಕ ಬೇಕಾಗುತ್ತದೆ.

ಗಂಡು ಜೇಡವು ಪ್ರಾಯಕ್ಕೆ ಬರುವ ಪೊರೆಯೇ ಸಾಮಾನ್ಯವಾಗಿ ಅದರ ಕೊನೆಯ ಪೊರೆ. ಆಗ ಅದರ ಸ್ಪರ್ಶಾಂಗಗಳ ತುದಿಯಲ್ಲಿ ವೀರ್ಯವನ್ನು ಸಾಗಿಸುವ ಗುಬುಟುಗಳು ಮೂಡುತ್ತವೆ. ಅನೇಕ ಪ್ರಭೇದಗಳಲ್ಲಿ ಮುಂಗಾಲುಗಳ ಮೇಲೆ ಕೊಕ್ಕೆಗಳೂ ಬೆಳೆಯುತ್ತವೆ. ಆ ಬಳಿಕ ಅದು ಹೆಣ್ಣನ್ನು ಹುಡುಕುತ್ತಾ ಅಲೆದು, ಕೆಲವು ತಿಂಗಳುಗಳಿಂದ ಒಂದೆರಡು ವರ್ಷಗಳೊಳಗೆ ಸಾಯುತ್ತದೆ. ಹೆಣ್ಣು ಮಾತ್ರ ಪ್ರಾಯಕ್ಕೆ ಬಂದ ಮೇಲೂ ಪೊರೆ ಕಳಚುತ್ತಲೇ ಇರುತ್ತದೆ. ಕೆಲವು ಪ್ರಭೇದಗಳಲ್ಲಿ ಅದು 20 ವರ್ಷಗಳಿಗೂ ಹೆಚ್ಚು ಕಾಲ ಬದುಕುತ್ತದೆ. ಹೆಣ್ಣು ಪೊರೆ ಕಳಚಿದಾಗ ವೀರ್ಯಚೀಲದ ಒಳಪೊರೆ ಅದರಲ್ಲಿದ್ದ ವೀರ್ಯದೊಂದಿಗೆ ಹೊರಹೋಗುವುದರಿಂದ, ಮುಂದಿನ ಸಂತತಿಗಾಗಿ ಅದು ಮತ್ತೆ ಗಂಡಿನೊಡನೆ ಕೂಡಬೇಕಾಗುತ್ತದೆ.

ಕಳೆದುಹೋದ ಅಂಗಗಳ ಮರುಬೆಳವಣಿಗೆ

ಶತ್ರುವಿನ ಹಿಡಿತಕ್ಕೆ ಸಿಕ್ಕಿದ ಅಥವಾ ಗಾಯಗೊಂಡ ಕಾಲನ್ನು ಟರಂಟುಲಾ ಬುಡದ ಕೀಲಿನ ಬಳಿ ತಾನೇ ಕಳಚಿಬಿಡಬಲ್ಲದು. ಅಲ್ಲಿ ಗಾಯ ಬೇಗ ಮುಚ್ಚಿಕೊಂಡು ರಕ್ತರಸ ಹೆಚ್ಚು ಸೋರುವುದಿಲ್ಲ. ಹೊಸ ಕಾಲು ಹಳೆಯ ಕವಚದ ಒಳಗೆ ಮಡಿಚಿಕೊಂಡು ಬೆಳೆದು, ಮುಂದಿನ ಪೊರೆಯಲ್ಲಿ ಸಣ್ಣದಾಗಿ, ತೆಳ್ಳಗೆ ಹೊರಬರುತ್ತದೆ. ಇನ್ನೂ ಒಂದೆರಡು ಪೊರೆಗಳ ಬಳಿಕ ಅದು ಉಳಿದ ಕಾಲುಗಳ ಗಾತ್ರಕ್ಕೆ ಸಮನಾಗುತ್ತದೆ. ಕೋರೆಗಳೂ ಹೀಗೆಯೇ ಮರಳಿ ಬೆಳೆಯಬಲ್ಲವು. ಮರಿಗಳು ಆಗಾಗ ಪೊರೆ ಕಳಚುವುದರಿಂದ ಅವುಗಳಲ್ಲಿ ಈ ನಷ್ಟ ಬೇಗ ತುಂಬುತ್ತದೆ. ಕೊನೆಯ ಪೊರೆಯನ್ನು ಕಳಚಿದ ಗಂಡಿಗೆ ಈ ಅವಕಾಶವಿಲ್ಲ.

ಮರಿಗಳ ಪಾಲನೆ

ಮೃಗಾಲಯಗಳಲ್ಲಿ, ಪ್ರಯೋಗಾಲಯಗಳಲ್ಲಿ ಹಾಗೂ ಹವ್ಯಾಸಿಗಳ ಮನೆಗಳಲ್ಲಿ ಟರಂಟುಲಾ ಮರಿಗಳನ್ನು ಬೆಳೆಸುವ ಕ್ರಮಗಳು ಬಹುಮಟ್ಟಿಗೆ ಒಂದೇ ಬಗೆಯವು.

ಪಾತ್ರೆ: ಮರಿಗಳು ಒಂದನ್ನೊಂದು ತಿನ್ನುವ ಸಾಧ್ಯತೆಯಿರುವುದರಿಂದ ಸಾಮಾನ್ಯವಾಗಿ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಇಡಲಾಗುತ್ತದೆ. ಗಾಳಿಯಾಡಲು ಸಣ್ಣ ರಂಧ್ರಗಳಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಸಾಕು. ರಂಧ್ರಗಳು ಮರಿಯ ಶಿರೋವಕ್ಷಕ್ಕಿಂತ ಕಿರಿದಾಗಿರಬೇಕು. ಉದರ ಮೆತ್ತಗಿರುವುದರಿಂದ, ಶಿರೋವಕ್ಷ ತೂರುವಷ್ಟು ಜಾಗವಿದ್ದರೆ ಮರಿ ಹೊರಬಿದ್ದೀತು. ಪಾತ್ರೆ ತೀರ ದೊಡ್ಡದಾದರೆ ಮರಿಗೆ ಬೇಟೆ ಸಿಗುವುದು ಕಷ್ಟವಾಗುತ್ತದೆ. ನೆಲವಾಸಿ ಮರಿಗಳಿಗೆ ಬಿಲ ತೋಡಲು ಸಾಕಾಗುವಷ್ಟು ದಪ್ಪನೆಯ ಮಣ್ಣು ಅಥವಾ ತೆಂಗಿನ ನಾರಿನ ಪುಡಿಯನ್ನು ಹಾಸಿ, ಮೇಲಿನ ಖಾಲಿ ಜಾಗವನ್ನು ಕಡಿಮೆ ಇಡಲಾಗುತ್ತದೆ. ಎತ್ತರದಿಂದ ಬಿದ್ದರೆ ಉದರ ಒಡೆದು ಸಾಯುವ ಭಯವಿರುವುದೇ ಇದಕ್ಕೆ ಕಾರಣ. ಮರವಾಸಿ ಮರಿಗಳಿಗೆ ನೆಟ್ಟಗೆ ನಿಲ್ಲಿಸಿದ ಎತ್ತರದ ಪಾತ್ರೆಯೂ ಒರಗಿಸಿದ ಮರದ ತೊಗಟೆಯೂ ಬೇಕು.

ತೇವ: ಎಳೆಯ ಮರಿಗಳ ಕವಚ ತೆಳುವಾಗಿರುವುದರಿಂದ ಅವುಗಳ ದೇಹದ ನೀರು ಬೇಗ ಆರುತ್ತದೆ. ಹಾಸಿನ ಒಂದು ಬದಿಯನ್ನು ತೇವವಾಗಿಯೂ ಇನ್ನೊಂದು ಬದಿಯನ್ನು ಒಣದಾಗಿಯೂ ಇಟ್ಟರೆ ಮರಿ ತನಗೆ ಬೇಕಾದ ಜಾಗವನ್ನು ತಾನೇ ಆರಿಸಿಕೊಳ್ಳುತ್ತದೆ. ನೀರು ನಿಲ್ಲುವಷ್ಟು ಒದ್ದೆಯಾದರೆ, ಗಾಳಿಯಾಡದಿದ್ದರೆ ಬೂಷ್ಟು ಮತ್ತು ನುಸಿಗಳು ಹುಟ್ಟುತ್ತವೆ. ಸ್ವಲ್ಪ ದೊಡ್ಡದಾದ ಮರಿಗೆ ಬಾಟಲಿಯ ಮುಚ್ಚಳದಂತಹ ಆಳವಿಲ್ಲದ ತಟ್ಟೆಯಲ್ಲಿ ಸದಾ ನೀರಿಡಬೇಕು.

ಆಹಾರ: ರೆಕ್ಕೆ ಬೆಳೆಯದ ಹಣ್ಣುನೊಣ, ಆಗತಾನೆ ಹುಟ್ಟಿದ ಚಿಮ್ಮಂಡೆ ಮತ್ತು ಸಾಕಿದ ಜಿರಳೆಯ ಮರಿಗಳು ಸಾಮಾನ್ಯ ಆಹಾರ. ಬೇಟೆಯು ಮರಿಯ ಉದರಕ್ಕಿಂತ ದೊಡ್ಡದಾಗಿರಬಾರದು. ತೀರ ಸಣ್ಣ ಮರಿಗಳು ಸತ್ತ ಕೀಟದ ತುಂಡನ್ನೂ ತಿನ್ನುತ್ತವೆ. ವಾರಕ್ಕೆ ಒಂದೆರಡು ಬಾರಿ ಆಹಾರ ಕೊಟ್ಟರೆ ಸಾಕಾಗುತ್ತದೆ. ಒಂದು ದಿನದೊಳಗೆ ತಿನ್ನದೆ ಬಿಟ್ಟ ಕೀಟವನ್ನು ತೆಗೆದುಬಿಡಬೇಕು. ಹೊಲ, ತೋಟ ಮತ್ತು ಮನೆಯ ಮೂಲೆಗಳಲ್ಲಿ ಹಿಡಿದ ಕೀಟಗಳಲ್ಲಿ ಕೀಟನಾಶಕದ ಅಂಶವಿರಬಹುದಾದ್ದರಿಂದ ಅವು ಸುರಕ್ಷಿತವಲ್ಲ.

ಉಷ್ಣತೆ: ಬಹುತೇಕ ಪ್ರಭೇದಗಳಿಗೆ 22ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹೊಂದುತ್ತದೆ. ನೇರ ಬಿಸಿಲಿನಲ್ಲಿಟ್ಟ ಸಣ್ಣ ಡಬ್ಬಿ ಕೆಲವೇ ನಿಮಿಷಗಳಲ್ಲಿ ಕಾದು ಮರಿಯನ್ನು ಕೊಲ್ಲಬಲ್ಲದು.

ದಾಖಲೆ: ಪ್ರತಿ ಪೊರೆಯ ದಿನಾಂಕ, ಕೊನೆಯ ಆಹಾರದ ದಿನಾಂಕ ಮತ್ತು ಪೊರೆಯ ಅಳತೆಯನ್ನು ಬರೆದಿಡುವುದು ಉಪಯುಕ್ತ ರೂಢಿ. ಉಪವಾಸ ಸಹಜವೋ ಕಾಯಿಲೆಯ ಲಕ್ಷಣವೋ ಎಂಬುದನ್ನು ಈ ಟಿಪ್ಪಣಿಯಿಂದ ಊಹಿಸಬಹುದು.

ಪೊರೆ ಕಳಚುವಾಗ ಅನುಸರಿಸಬೇಕಾದ ಕ್ರಮ

ಮುನ್ಸೂಚನೆಗಳು ಕಂಡೊಡನೆ ಪಾತ್ರೆಯಲ್ಲಿರುವ ಜೀವಂತ ಕೀಟಗಳನ್ನೆಲ್ಲ ತೆಗೆಯಬೇಕು. ಜೇಡಕ್ಕೆ ಆಹಾರವಾಗಬೇಕಾದ ಚಿಮ್ಮಂಡೆಯೇ ಮೃದುವಾದ ಜೇಡವನ್ನು ಕಡಿದು ತಿನ್ನಬಲ್ಲದು. ಹಾಸಿನ ತೇವ ಆರದಂತೆ ನೋಡಿಕೊಳ್ಳಬೇಕು. ಆದರೆ ಮಲಗಿರುವ ಜೇಡದ ಮೇಲೆ ನೀರು ಸಿಂಪಡಿಸಬಾರದು. ಪಾತ್ರೆಯನ್ನು ಅಲುಗಿಸುವುದು, ಜೇಡವನ್ನು ತಿರುಗಿಸುವುದು, ಕಾಲನ್ನು ಎಳೆದು ಬಿಡಿಸುವುದು ಇವೆಲ್ಲ ಮಾರಕ. ಹೊಸ ಕವಚ ಇನ್ನೂ ಮೆತ್ತಗಿರುವುದರಿಂದ ಲಘುವಾದ ಸೆಳೆತಕ್ಕೂ ಅದು ಹರಿಯುತ್ತದೆ. ನಿಲ್ಲಿಸಿ ನಿಲ್ಲಿಸಿ ಮುಂದುವರಿಯುವುದು ಜೇಡದ ಸ್ವಭಾವವಾದುದರಿಂದ, ಸ್ವಲ್ಪ ಹೊತ್ತು ಚಲನೆಯಿಲ್ಲವೆಂಬುದು ಸಂಕಟದ ಗುರುತಲ್ಲ.

ಹಲವು ಗಂಟೆಗಳು ಕಳೆದು, ಮೈ ಹೊರಬಂದಿದ್ದರೂ ಕಾಲುಗಳು ಸಿಕ್ಕಿಕೊಂಡೇ ಉಳಿದು, ಕವಚ ಬಿರುಸಾಗತೊಡಗಿದರೆ ಮಾತ್ರ ಅನುಭವಿಗಳು ಮಧ್ಯೆ ಪ್ರವೇಶಿಸುತ್ತಾರೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಮೆದುವಾದ ಕುಂಚದಿಂದ, ಶ್ವಾಸಕೋಶಗಳಿಗೆ ತಾಗದಂತೆ, ಸಿಕ್ಕಿಕೊಂಡ ಹಳೆಯ ಕವಚವನ್ನಷ್ಟೇ ತೇವಗೊಳಿಸುತ್ತಾರೆ. ಒಂದು ಕಾಲು ಮಾತ್ರ ಸಿಕ್ಕಿಕೊಂಡಿದ್ದರೆ ಅದನ್ನು ಹಾಗೆಯೇ ಬಿಡುವುದು ಮೇಲು. ಜೇಡವು ಆ ಕಾಲನ್ನು ತಾನೇ ತ್ಯಜಿಸಬಹುದು, ಅದು ಮುಂದಿನ ಪೊರೆಯಲ್ಲಿ ಮರಳಿ ಬರುತ್ತದೆ. ಹೀರುವ ಜಠರದ ಒಳಪೊರೆ ಕಳಚದೆ ಉಳಿದ ಜೇಡವು ಹೊರನೋಟಕ್ಕೆ ಆರೋಗ್ಯವಾಗಿ ಕಂಡರೂ ಆಹಾರ ಹೀರಲಾಗದೆ ಸೊರಗುತ್ತದೆ. ಇದಕ್ಕೆ ಮನುಷ್ಯನು ಮಾಡಬಹುದಾದ ಚಿಕಿತ್ಸೆ ಹೆಚ್ಚೇನೂ ಇಲ್ಲ.

ಪೊರೆ ಕಳಚುವ ಭಂಗಿಗೂ ಸಾವಿನ ಭಂಗಿಗೂ ಇರುವ ವ್ಯತ್ಯಾಸ

ಟರಂಟುಲಾದ ಕಾಲುಗಳ ಕೆಲವು ಮುಖ್ಯ ಕೀಲುಗಳಲ್ಲಿ ಮಡಿಸುವ ಸ್ನಾಯುಗಳಿವೆ, ಚಾಚುವ ಸ್ನಾಯುಗಳಿಲ್ಲ. ಅವು ಚಾಚಿಕೊಳ್ಳುವುದು ರಕ್ತರಸದ ಒತ್ತಡದಿಂದ. ದೇಹದಲ್ಲಿ ನೀರು ಕಡಿಮೆಯಾಗಿ ಒತ್ತಡ ಕುಸಿದಾಗ ಕಾಲುಗಳು ತಾವಾಗಿಯೇ ಒಳಮುಖವಾಗಿ ಮುದುಡುತ್ತವೆ. ಆದುದರಿಂದ ಕಾಲುಗಳು ಹೊಟ್ಟೆಯ ಕೆಳಗೆ ಮುದುಡಿ, ಜೇಡವು ನೆಟ್ಟಗೆಯೇ ಕುಳಿತಿದ್ದರೆ ಅದು ಬಾಯಾರಿಕೆಯ ಅಥವಾ ಸಾವಿನ ಸೂಚನೆ. ಕಾಲುಗಳನ್ನು ಹರಡಿಕೊಂಡು ಅಂಗಾತ ಮಲಗಿದ್ದರೆ ಅದು ಪೊರೆ ಕಳಚುವ ಭಂಗಿ. ಮೊದಲನೆಯ ಸ್ಥಿತಿಯಲ್ಲಿ ಕೂಡಲೇ ಜೇಡದ ಬಾಯಿಯನ್ನು ನೀರಿನ ಅಂಚಿಗೆ ತಾಗುವಂತೆ ಇಟ್ಟರೆ ಅದು ಚೇತರಿಸಿಕೊಳ್ಳಬಹುದು. ಎರಡನೆಯ ಸ್ಥಿತಿಯಲ್ಲಿ ಏನನ್ನೂ ಮಾಡದಿರುವುದೇ ಸರಿಯಾದ ಉಪಚಾರ.

ಮನುಷ್ಯರಿಗೆ ಸಂಬಂಧಿಸಿದ ಎಚ್ಚರಿಕೆಗಳು

ಅಮೆರಿಕ ಖಂಡಗಳ ಅನೇಕ ಪ್ರಭೇದಗಳ ಉದರದ ಮೇಲೆ ತುರಿಕೆರೋಮಗಳಿವೆ. ಅವು ಚರ್ಮದಲ್ಲಿ ತುರಿಕೆಯನ್ನೂ, ಕಣ್ಣಿಗೆ ಸೇರಿದರೆ ದೀರ್ಘಕಾಲದ ಉರಿಯೂತವನ್ನೂ ಉಂಟುಮಾಡುತ್ತವೆ. ಈ ರೋಮಗಳು ಬಿಟ್ಟ ಪೊರೆಯಲ್ಲಿಯೂ ಉಳಿದಿರುವುದರಿಂದ, ಅದನ್ನು ಬರಿಗೈಯಲ್ಲಿ ಮುಟ್ಟಿ ಕಣ್ಣುಜ್ಜಿಕೊಳ್ಳಬಾರದು. ಭಾರತದ ಟರಂಟುಲಾಗಳಿಗೆ ಇಂತಹ ರೋಮಗಳಿಲ್ಲ. ಅವು ರಕ್ಷಣೆಗಾಗಿ ವೇಗವನ್ನೂ ಕಡಿತವನ್ನೂ ಅವಲಂಬಿಸಿವೆ. ಪೀಸಿಲೋಥೀರಿಯಾ ಜೇಡ ಕಚ್ಚಿದರೆ ತೀವ್ರವಾದ ನೋವು ಹಾಗೂ ದಿನಗಟ್ಟಲೆ ಮರುಕಳಿಸುವ ಸ್ನಾಯುಸೆಳೆತ ಉಂಟಾಗಬಹುದು. ಆಗ ವೈದ್ಯರನ್ನು ಕಾಣುವುದು ಅವಶ್ಯಕ.

ಕರ್ನಾಟಕ ಮತ್ತು ನೆರೆಯ ಪ್ರದೇಶದ ಟರಂಟುಲಾಗಳು

ಕರ್ನಾಟಕದ ಪಶ್ಚಿಮ ಘಟ್ಟಗಳಲ್ಲಿ ಟರಂಟುಲಾಗಳು ಸಹಜವಾಗಿ ನೆಲೆಸಿವೆ. ಇವುಗಳಲ್ಲಿ ಹಲವನ್ನು ವೈಜ್ಞಾನಿಕವಾಗಿ ಮೊದಲು ವರ್ಣಿಸಿದವರು ಬ್ರಿಟಿಷ್ ಪ್ರಾಣಿವಿಜ್ಞಾನಿ ರೆಜಿನಾಲ್ಡ್ ಇನ್ನೆಸ್ ಪೋಕಾಕ್ (1863–1947). ಅವರು 1895ರಲ್ಲಿ ವರ್ಣಿಸಿದ ಪೀಸಿಲೋಥೀರಿಯಾ ಸ್ಟ್ರಯೇಟಾ ಪ್ರಭೇದವನ್ನು ಮೈಸೂರಿನ ಹೆಸರಿನೊಂದಿಗೆ ಗುರುತಿಸುವುದು ರೂಢಿ. ಈ ಕುಲದ ಜೇಡಗಳು ಹಳೆಯ ಮರಗಳ ಪೊಟರೆಗಳಲ್ಲಿ ಮತ್ತು ತೊಗಟೆಯ ಸಂದುಗಳಲ್ಲಿ ವಾಸಿಸುತ್ತವೆ. ಮರಿಗಳು ಕೆಲಕಾಲ ತಾಯಿಯೊಂದಿಗೆ ಒಂದೇ ಪೊಟರೆಯಲ್ಲಿ ಉಳಿಯುವುದು ಇವುಗಳ ವಿಶೇಷ.

ಪೋಕಾಕ್ 1899ರಲ್ಲಿ ಹೆಸರಿಸಿದ ಥ್ರಿಗ್ಮೋಪಿಯಸ್ ಜೇಡಗಳು ಪಶ್ಚಿಮ ಘಟ್ಟಗಳಿಗೆ ಸೀಮಿತವಾದವು. ಉತ್ತರ ಕನ್ನಡ ಜಿಲ್ಲೆಯಲ್ಲಿಯೂ ಕಂಡುಬರುವ ಇವು ಮಣ್ಣಿನ ದಿಬ್ಬಗಳಲ್ಲಿ ಮತ್ತು ದಾರಿಬದಿಯ ದರೆಗಳಲ್ಲಿ ಬಿಲ ತೋಡಿ ಬದುಕುತ್ತವೆ. ರಸ್ತೆ ಅಗಲಗೊಳಿಸಲು ದರೆಯನ್ನು ಕಡಿದಾಗ ಅಲ್ಲಿನ ಬಿಲಗಳೂ, ಅವುಗಳಲ್ಲಿ ಬಾಯಿ ಮುಚ್ಚಿಕೊಂಡು ಪೊರೆ ಕಳಚುತ್ತಿರುವ ಜೇಡಗಳೂ ನಾಶವಾಗುತ್ತವೆ.

ನೆರೆಯ ಆಂಧ್ರಪ್ರದೇಶದ ಗುತ್ತಿ ಪಟ್ಟಣದ ರೈಲ್ವೆ ಮರಮುಟ್ಟಿನ ಅಂಗಳದಲ್ಲಿ ದೊರೆತ ಒಂದು ಜೇಡದ ಆಧಾರದ ಮೇಲೆ, ನೀಲಿ ಬಣ್ಣದ ಪೀಸಿಲೋಥೀರಿಯಾ ಮೆಟಾಲಿಕಾ ಪ್ರಭೇದವನ್ನು ಪೋಕಾಕ್ 1899ರಲ್ಲಿ ವರ್ಣಿಸಿದರು. ಅದರ ನಿಜವಾದ ನೆಲೆ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡೆಂಬುದು ಒಂದು ಶತಮಾನದ ಬಳಿಕ 2001ರಲ್ಲಿ ತಿಳಿದುಬಂದಿತು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಇದನ್ನು ತೀವ್ರವಾಗಿ ಅಳಿವಿನಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದೆ.

ಸಂರಕ್ಷಣೆ ಮತ್ತು ಕಾನೂನು

ಬಣ್ಣ ಮತ್ತು ವಿರಳತೆಯ ಕಾರಣದಿಂದ ಟರಂಟುಲಾಗಳಿಗೆ ಸಾಕುಪ್ರಾಣಿಗಳ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬೇಡಿಕೆಯಿದೆ. ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಬ್ರಾಕಿಪೆಲ್ಮಾ ಕುಲವನ್ನು 1990ರ ದಶಕದಲ್ಲಿಯೂ ಪೀಸಿಲೋಥೀರಿಯಾ ಕುಲವನ್ನು 2019ರಲ್ಲಿಯೂ ಸೇರಿಸಲಾಯಿತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯು, ಈ ಒಪ್ಪಂದದ ಪಟ್ಟಿಗಳಲ್ಲಿರುವ ಜೀವಂತ ಪ್ರಾಣಿಗಳನ್ನು ಹೊಂದಿರುವವರು ಅದನ್ನು ಅಧಿಕೃತವಾಗಿ ವರದಿ ಮಾಡಿ ನೋಂದಾಯಿಸಬೇಕೆಂದು ವಿಧಿಸುತ್ತದೆ. ಸಾಕುವ ಮುನ್ನ ಪ್ರಭೇದ ಯಾವುದು, ಅದರ ಮೂಲ ಎಲ್ಲಿಯದು ಎಂಬುದನ್ನು ತಿಳಿದು ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಅಗತ್ಯ.

ಕಾಡಿನಿಂದ ಜೇಡವನ್ನು ಹಿಡಿದು ತರುವುದರ ಪರಿಣಾಮವನ್ನು ಅದರ ಬೆಳವಣಿಗೆಯ ಲೆಕ್ಕದಿಂದ ಅರಿಯಬಹುದು. ನಿಧಾನವಾಗಿ ಬೆಳೆಯುವ ಪ್ರಭೇದಗಳಲ್ಲಿ ಪ್ರಾಯದ ಒಂದು ಹೆಣ್ಣೆಂದರೆ ಹಲವು ವರ್ಷಗಳ ಕಾಲ, ಹತ್ತಾರು ಸಲ ಪೊರೆ ಕಳಚುವ ಅಪಾಯವನ್ನು ದಾಟಿ ಬಂದ ಜೀವಿ. ನೂರಾರು ಮರಿಗಳಲ್ಲಿ ಆ ಹಂತವನ್ನು ಮುಟ್ಟುವುವು ಕೆಲವೇ ಕೆಲವು. ಅಂತಹ ಒಂದನ್ನು ತೆಗೆದರೆ ಅದರ ಸ್ಥಾನ ತುಂಬಲು ಮತ್ತೆ ಅಷ್ಟೇ ವರ್ಷಗಳು ಬೇಕಾಗುತ್ತವೆ.